ಮಲಸಮುದ್ರಕ್ಕೆ ಬಾರದ ಜನ

ಗದಗ-ಬೆಟಗೇರಿಯ ಮಗ್ಗುಲಲ್ಲಿ ಮಲಸಮುದ್ರ ಎಂಬ ಸಣ್ಣ ಊರಿದೆ. ಕರ್ನಾಟಕದಲ್ಲಿ ಕ್ರೈಸ್ತ ಮಿಶನ್‌ಗಳು ನಡೆದು ಬಂದ ದಾರಿಯನ್ನು ಓದಿದವರಿಗೆ ಮಾತ್ರ ಈ ಹೆಸರು ಪರಿಚಯ. ಅವರೂ ಅದರ ಮೇಲೆ ಒಂದೆರಡು ಸಾಲು ಬರೆದು ಮುಂದೆ ಹೋಗುತ್ತಾರೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು 1841ರಲ್ಲಿ ಇಲ್ಲಿ ಕ್ರೈಸ್ತರದೊಂದು ಬೇಸಾಯದ ಊರು ಕಟ್ಟಲು ಹೊರಟಿದ್ದರು. ಊರು ಕಟ್ಟಬೇಕೆಂದರೆ ಜನ ಬೇಕು. ಆ ಜನ ಯಾರೆಂಬುದೂ ಅವರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು: ಹುಬ್ಬಳ್ಳಿ-ಧಾರವಾಡ ಸೀಮೆಯ ‘ಕಾಲಜ್ಞಾನಿ’ಗಳು. ಜಾಗ ಸಿಕ್ಕಿತು, ಪಾದ್ರಿಗಳು ಬಂದರು, ಕಾಲಜ್ಞಾನಿಗಳು ಬರಲಿಲ್ಲ.

ಈ ಬಾರದ ಜನರ ಬಗ್ಗೆ ನಾವು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಮತಪ್ರಚಾರದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಬಂದವರ ಲೆಕ್ಕದ ಮೇಲೆಯೇ ನಿಂತಿದೆ. ಎಷ್ಟು ಜನ ಸೇರಿದರು, ಏನು ಕೊಟ್ಟು ಸೇರಿಸಿಕೊಂಡರು, ಯಾರು ತಡೆದರು, ಇಷ್ಟೇ. ಒಂದು ಗ್ರಂಥವನ್ನು ಕೈಯಲ್ಲಿ ಹಿಡಿದು, ‘ಇದರಲ್ಲಿ ಹೀಗೆ ಬರೆದಿದೆ, ಆದ್ದರಿಂದ ನೀನು ನಂಬಬೇಕು’ ಎನ್ನುವ ಮಾತಿಗೆ ಬಲ ಎಲ್ಲಿಂದ ಬರುತ್ತದೆ, ಎಲ್ಲಿ ಆ ಬಲ ಸೋರಿಹೋಗುತ್ತದೆ ಎಂದು ಕೇಳುವವರು ಕಡಿಮೆ. ಕುರ್‌ಆನ್ ಕ್ರೈಸ್ತರನ್ನು ‘ಅಹ್ಲೆ ಕಿತಾಬ್’ ಎಂದು ಕರೆಯುತ್ತದೆ, ಗ್ರಂಥದವರು ಎಂದು. ನಾವೂ ಒಂದು ಗ್ರಂಥದವರೇ. ಆದ್ದರಿಂದ ಇದು ಬರೀ ಅವರ ಮನೆಯ ಪ್ರಶ್ನೆಯಲ್ಲ.

ನಡೆದದ್ದು ಹೀಗೆ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರಕಾರದ ಸೀಮೆಯ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿನಲ್ಲಿ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹುಬ್ಬಳ್ಳಿಯಲ್ಲಿ ಬಿಡಾರ ಹೂಡಿದ ಹೊಸತರಲ್ಲೇ ಪಾದ್ರಿಗಳನ್ನು ಹುಡುಕಿಕೊಂಡು ಒಂದು ಪಂಗಡದವರು ಬಂದರು. ಮುಂದೆ ಆಗುವುದನ್ನೆಲ್ಲ ತಮ್ಮ ಹಿರಿಯರು ಬರೆದಿಟ್ಟಿದ್ದಾರೆ, ನಿಮ್ಮ ಬರವಿನ ಸೂಚನೆಯೂ ಅದರಲ್ಲಿದೆ ಎಂಬುದು ಅವರ ಮಾತಿನ ಸಾರ. ಎಲ್ಲಿಗೆ ಹೋದರೂ ವಾದಕ್ಕೆ ನಿಲ್ಲುವ ಜನರನ್ನೇ ಕಂಡಿದ್ದ ಪಾದ್ರಿಗಳಿಗೆ ತಾವಾಗಿಯೇ ನಡೆದು ಬಂದ ಈ ಜನ ದೇವರೇ ಕಳಿಸಿದವರಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮಂಗಳೂರಿನಲ್ಲಿದ್ದ ಹೆರ್ಮನ್ ಮೋಗ್ಲಿಂಗ್ ಈ ವಿಷಯದಲ್ಲಿ ಬಹಳ ಉತ್ಸಾಹ ತೋರಿದರು. ಮುಂದೆ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮದ ಮೊದಲಿಗರೆನಿಸಿದವರು ಇವರೇ. ದೀಕ್ಷೆ ಪಡೆದ ಕಾಲಜ್ಞಾನಿಗಳು ಜಾತಿಯಿಂದಲೂ ಮನೆಯಿಂದಲೂ ಹೊರಬೀಳುವರು, ಅವರಿಗೆ ನೆಲ ಬೇಕು, ನೆರೆ ಬೇಕು ಎಂಬ ಲೆಕ್ಕದಲ್ಲಿ ಮಲಸಮುದ್ರದ ಯೋಜನೆ ಹುಟ್ಟಿತು. ಮಾತುಕತೆ ದೀಕ್ಷೆಯ ಹತ್ತಿರ ಬಂದಾಗ ಆ ಜನ ಹಿಂದೆ ಸರಿದರು.

ಏಕೆ ಹಿಂದೆ ಸರಿದರು? ಇಂಥವರ ಬಗ್ಗೆ ಮಿಶನ್ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಉತ್ತರ, ಅವರು ಐಹಿಕ ಲಾಭದ ಆಸೆಗೆ ಬಂದವರು ಎಂಬುದು. ನಮಗೆ ಈ ಉತ್ತರ ಸಾಲದು. ಲಾಭವೇ ಬೇಕಿದ್ದರೆ ಮಲಸಮುದ್ರದ ಹೊಲ ಅಲ್ಲೇ ಇತ್ತಲ್ಲ! ಹೊಲವಿದ್ದೂ ಬಾರದವರನ್ನು ಹೊಲದ ಆಸೆಯವರು ಎಂದರೆ ಹೇಗೆ?

ಕಾಲಜ್ಞಾನ ಎಂದರೆ ಏನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಾವಿರುವ ಇಜೇರಿ ಜೇವರ್ಗಿ ತಾಲೂಕಿನದು. ಈ ಕಡೆಯವರಿಗೆ ಕಾಲಜ್ಞಾನ ಎಂದ ಕೂಡಲೆ ನೆನಪಾಗುವುದು ಕೊಡೇಕಲ್ಲು ಬಸವಣ್ಣ. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಈ ಸಂತನ ಪರಂಪರೆಯಲ್ಲಿ ಶರಣರ ಮಾತೂ ಸೂಫಿಗಳ ಮಾತೂ ಒಂದರೊಳಗೊಂದು ಬೆರೆತಿವೆ. ಅವರ ಗ್ರಂಥಗಳು ‘ಅಮರಗನ್ನಡ’ ಎಂಬ ಗುಪ್ತ ಲಿಪಿಯಲ್ಲಿವೆ; ಲಿಪಿ ಬಲ್ಲವನು ಬಿಡಿಸಿ ಹೇಳಬೇಕು, ಉಳಿದವರು ಕೇಳಬೇಕು. ಕೃಷ್ಣಾ ತೀರದ ತಿಂಥಣಿಯಲ್ಲಿ ಮೌನೇಶ್ವರರಿದ್ದಾರೆ. ಅವರ ಜಾತ್ರೆಯ ಜಯಘೋಷದಲ್ಲಿ ಅವರು ಪೀರ್ ಮೌನುದ್ದೀನರೂ ಹೌದು. ಹುಬ್ಬಳ್ಳಿಯ ಪಾದ್ರಿಗಳ ಬಳಿ ಬಂದವರು ಕೊಡೇಕಲ್ಲಿನವರೇ ಎಂದು ನಾವು ಹೇಳುತ್ತಿಲ್ಲ. ಆದರೆ ಕಾಲಜ್ಞಾನದ ನಂಬಿಕೆ ಈ ಸೀಮೆಯಲ್ಲಿ ಹೇಗೆ ಬದುಕುತ್ತದೆ ಎಂಬುದಕ್ಕೆ ಈ ಊರುಗಳೇ ಸಾಕ್ಷಿ. ಇಲ್ಲಿ ಗ್ರಂಥ ಉಂಟು, ಆದರೆ ಗ್ರಂಥ ತಾನೇ ಮಾತಾಡುವುದಿಲ್ಲ. ಗುರು ಬೇಕು. ಗುರುವಿನ ಬಾಯಿಂದ ಬಂದಾಗ ಮಾತ್ರ ಬರೆದದ್ದು ನುಡಿಯಾಗುತ್ತದೆ.

ಹಳೆಯ ಜೇವರ್ಗಿ ತಾಲೂಕಿನ ಕಡಕೋಳದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಡಿವಾಳಪ್ಪ ಎಂಬ ತತ್ವಪದಕಾರರಿದ್ದರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ್ ಸಾಹೇಬರು ಒಬ್ಬರು. ಮುಸಲ್ಮಾನನೊಬ್ಬ ಮಡಿವಾಳಪ್ಪನ ಶಿಷ್ಯನಾದದ್ದು ಯಾವ ಗ್ರಂಥದ ಯಾವ ಅಧ್ಯಾಯದ ಆಧಾರದ ಮೇಲೆ ಎಂದು ನಮ್ಮ ಊರಿನ ಕಡೆ ಯಾರೂ ಕೇಳುವುದಿಲ್ಲ. ಇಬ್ಬರ ಪದಗಳನ್ನೂ ಏಕತಾರಿ ಹಿಡಿದು ಒಂದೇ ರಾತ್ರಿ ಹಾಡುತ್ತಾರೆ. ನಮ್ಮ ಕೆಲವು ಮೌಲವಿಗಳಿಗೆ ಇದು ಹಿಡಿಸುವುದಿಲ್ಲ, ಕೆಲವು ಮಠದವರಿಗೂ ಹಿಡಿಸುವುದಿಲ್ಲ. ಅದು ಬೇರೆ ಮಾತು.

ಇನ್ನು ಪಾದ್ರಿಗಳ ಕಡೆ ಬರೋಣ. ಕಾಲಜ್ಞಾನವನ್ನು ಮೂಢನಂಬಿಕೆ ಎಂದು ಬಗೆದವರ ಮನೆಯಲ್ಲಿ ಕಾಲಜ್ಞಾನ ಇರಲಿಲ್ಲವೆ? ಇತ್ತು, ಅದೂ ಇಸವಿ ಸಮೇತ! ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಭಕ್ತಿಪಂಥದ ದೊಡ್ಡ ಹಿರಿಯ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. 1687ರಿಂದ 1752ರವರೆಗೆ ಬದುಕಿದ ಈ ವಿದ್ವಾಂಸ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಾವಿರ ವರ್ಷದ ರಾಜ್ಯ 1836ರಲ್ಲಿ ಆರಂಭವಾಗುವುದೆಂದು ಲೆಕ್ಕ ಹಾಕಿದ್ದ. ಆ ಲೆಕ್ಕ ನಂಬಿ ಮನೆಮಠ ಮಾರಿ ರಷ್ಯದ ಕಡೆ ವಲಸೆ ಹೋದ ರೈತರಿದ್ದರು. 1836 ಬಂತು, ಹೋಯಿತು. ಅದೇ ವರ್ಷ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದರು.

ಇದನ್ನು ನಾವು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಹುಬ್ಬಳ್ಳಿಯ ಮಿಶನ್ ಅಂಗಳದಲ್ಲಿ ಎದುರುಬದುರು ಕುಳಿತವರಲ್ಲಿ ಇಬ್ಬರ ಹಿಂದೆಯೂ ಒಂದೊಂದು ಭವಿಷ್ಯದ ಗ್ರಂಥವಿತ್ತು. ಇಬ್ಬರೂ ಬರಬೇಕಾದವನನ್ನು ಕಾಯುತ್ತಿದ್ದವರೇ. ಕಾಲಜ್ಞಾನಿ ತನ್ನ ಗ್ರಂಥದಲ್ಲಿ ಪಾದ್ರಿಗೆ ಒಂದು ಜಾಗ ಮಾಡಿಕೊಟ್ಟಿದ್ದ. ಪಾದ್ರಿಯ ಗ್ರಂಥದಲ್ಲಿ ಕಾಲಜ್ಞಾನಿಗೆ ಇದ್ದ ಜಾಗ ಒಂದೇ, ಪಾಪಿಯದು. ನಿನ್ನ ಪುಸ್ತಕ ನಮ್ಮ ಬಗ್ಗೆ ಹೇಳಿದ್ದು ನಿಜ, ಉಳಿದದ್ದೆಲ್ಲ ಸುಳ್ಳು ಎಂದರೆ ಯಾರು ಒಪ್ಪಿಯಾರು? ನಮ್ಮನ್ನು ನಿಮ್ಮ ಬಾಗಿಲಿಗೆ ಕರೆತಂದ ಪುಸ್ತಕವೇ ಸುಳ್ಳಾದರೆ ನಾವು ಬಂದದ್ದೂ ಸುಳ್ಳೇ ಆಯಿತಲ್ಲ! ಕಾಲಜ್ಞಾನಿಗಳು ಬಾಯಿಬಿಟ್ಟು ಹೀಗೆ ಹೇಳಿದರೋ ಇಲ್ಲವೋ, ಅವರ ನಡತೆ ಹೇಳಿದ್ದು ಇದನ್ನೇ ಎಂದು ನಾವು ಓದುತ್ತೇವೆ. ಬೈಬಲಿನ ಅಧಿಕಾರವನ್ನು ಅವರು ತಮ್ಮ ಕಾಲಜ್ಞಾನದ ಮೂಲಕ ಒಪ್ಪಲು ತಯಾರಿದ್ದರು. ಕಾಲಜ್ಞಾನವನ್ನು ಬಿಟ್ಟು ಒಪ್ಪಲು ತಯಾರಿರಲಿಲ್ಲ.

ಇಷ್ಟು ಹೇಳಿ ಪಾದ್ರಿಗಳತ್ತ ಬೆರಳು ತೋರಿ ಸುಮ್ಮನಾದರೆ ಅನ್ಯಾಯವಾಗುತ್ತದೆ. ಇದೇ ಕೆಲಸ ನಮ್ಮವರೂ ಮಾಡುತ್ತ ಬಂದಿದ್ದಾರೆ. ದಕ್ಷಿಣ ಆಫ್ರಿಕದ ಅಹ್ಮದ್ ದೀದಾತರ ಭಾಷಣದ ಕ್ಯಾಸೆಟ್‌ಗಳು ನಮ್ಮ ಕಡೆಗೂ ಬಂದಿದ್ದವು. ಬೈಬಲಿನಲ್ಲೇ ಪ್ರವಾದಿ ಮುಹಮ್ಮದ್(ಸ)ರ ಬರವಿನ ಸೂಚನೆ ಇದೆ ಎಂದು ತೋರಿಸುವ ಕಿರುಹೊತ್ತಗೆಗಳು ಉರ್ದುವಿನಲ್ಲೂ ಕನ್ನಡದಲ್ಲೂ ಉಂಟು. ಆ ಸೂಚನೆಯ ವಿಷಯ ನಮ್ಮ ವಿಶ್ವಾಸಕ್ಕೆ ಸೇರಿದ್ದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ರೀತಿಯ ಬಗ್ಗೆ. ಎದುರಿನವನ ಗ್ರಂಥದಿಂದ ನಮಗೆ ಬೇಕಾದ ನಾಲ್ಕು ಸಾಲು ಆರಿಸಿಕೊಂಡು, ಉಳಿದದ್ದನ್ನು ತಿದ್ದಿದ್ದು, ಕಲಬೆರಕೆಯದ್ದು ಎಂದು ಪಕ್ಕಕ್ಕೆ ಸರಿಸಿದರೆ, ಆ ನಾಲ್ಕು ಸಾಲು ಮಾತ್ರ ಹೇಗೆ ಉಳಿದವು ಎಂದು ಅವನು ಕೇಳಬಾರದೆ?

ಆಗ್ರಾದ ವಾದವನ್ನು ಇಲ್ಲಿ ನೆನೆಯಬೇಕು. ನಮ್ಮ ಜಲ್ಸಾಗಳಲ್ಲಿ ಅದನ್ನು ಹೇಳುವಾಗ ಸಭೆಗೆ ಸಭೆಯೇ ನೆಟ್ಟಗೆ ಕೂರುತ್ತದೆ. 1854ರ ಏಪ್ರಿಲ್‌ನಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ಪಾದ್ರಿ ಕಾರ್ಲ್ ಫಾಂಡರ್ ನಡುವೆ ಎರಡು ದಿನ ನಡೆದ ಬಹಿರಂಗ ಚರ್ಚೆ ಅದು. ಫಾಂಡರ್ ಕೂಡ ವುರ್ಟೆಂಬರ್ಗಿನವರು, ಬಾಸೆಲ್‌ನಲ್ಲೇ ತರಬೇತಾದವರು. ಅವರ ‘ಮೀಜಾನುಲ್ ಹಕ್’ ಮುಸಲ್ಮಾನರನ್ನು ಉದ್ದೇಶಿಸಿಯೇ ಬರೆದ ಪುಸ್ತಕ. ಫಾಂಡರ್ ಎದುರಾಳಿಯಿಂದ ಕುರ್‌ಆನ್, ಹದೀಸಿನ ಮಾತನ್ನು ನಿರೀಕ್ಷಿಸಿರಬೇಕು. ಆದರೆ ಕೈರಾನವಿಯವರೂ ಅವರ ಜೊತೆಗಿದ್ದ ಡಾಕ್ಟರ್ ವಜೀರ್ ಖಾನರೂ ಯುರೋಪಿನ ಬೈಬಲ್ ವಿದ್ವಾಂಸರ ಪುಸ್ತಕಗಳನ್ನೇ ತಂದು ಮುಂದಿಟ್ಟರು. ಬೈಬಲಿನ ಹಸ್ತಪ್ರತಿಗಳಲ್ಲಿ ಪಾಠಭೇದಗಳಿವೆ ಎಂದು ಫಾಂಡರ್ ಒಪ್ಪಬೇಕಾಯಿತು. ಆದರೆ ಅದರಿಂದ ಧರ್ಮದ ಮೂಲತತ್ವಕ್ಕೆ ಧಕ್ಕೆಯಿಲ್ಲ ಎಂದರು.

ಇದು ಫಾಂಡರ್ ಸೋತು ಹೇಳಿದ ನೆಪ ಎಂದು ನಮ್ಮವರು ಹೇಳುತ್ತಾರೆ. ಹಾಗಲ್ಲ. ಅದು ಅವರ ಸೀಮೆಯ ಹಳೆಯ ಉತ್ತರ. ಇಸವಿ ಲೆಕ್ಕ ಹಾಕಿದ ಅದೇ ಬೆಂಗೆಲ್ ತರುಣನಾಗಿದ್ದಾಗ ಬೈಬಲಿನ ಪಾಠಭೇದಗಳನ್ನು ಕಂಡು ಕಂಗಾಲಾಗಿ, ವರ್ಷಗಟ್ಟಲೆ ಪ್ರತಿಗಳನ್ನು ಹೋಲಿಸಿ 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಪರಿಷ್ಕೃತ ಪಾಠ ಹೊರತಂದವನು. ಭೇದಗಳಿವೆ, ಆದರೆ ವಿಶ್ವಾಸದ ಯಾವ ಅಂಶವೂ ಅಲುಗುವುದಿಲ್ಲ ಎಂಬುದು ಅವನ ತೀರ್ಮಾನ. ಅಂದರೆ ಸಂಶಯ ಹೊರಗಿನಿಂದ ಮೌಲಾನಾ ತಂದದ್ದಲ್ಲ, ಅವರ ಮನೆಯೊಳಗೇ ಇತ್ತು. 1835ರಲ್ಲಿ ಡೇವಿಡ್ ಸ್ಟ್ರೌಸ್ ಯೇಸುವಿನ ಚರಿತ್ರೆ ಬರೆದು ಸುವಾರ್ತೆಗಳಲ್ಲಿ ಪುರಾಣದ ಅಂಶವಿದೆ ಎಂದು ಯುರೋಪನ್ನೇ ನಡುಗಿಸಿದ್ದು ಟ್ಯೂಬಿಂಗೆನ್‌ನಲ್ಲಿ. ಮೋಗ್ಲಿಂಗ್ ಓದಿದ್ದು ಅದೇ ಟ್ಯೂಬಿಂಗೆನ್‌ನಲ್ಲಿ. ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟ್ ಅಂತೂ ಸ್ಟ್ರೌಸ್‌ನ ವಿದ್ಯಾರ್ಥಿಯೇ. ಊರಿನಲ್ಲಿ ಅಷ್ಟು ಪ್ರಶ್ನೆ ಕೇಳಿಸಿಕೊಂಡು ಹಡಗು ಹತ್ತಿದವರು ಹುಬ್ಬಳ್ಳಿಯ ಕಾಲಜ್ಞಾನಿಯ ಮುಂದೆ ಪ್ರಶ್ನೆಯೇ ಇಲ್ಲದ ಪುಸ್ತಕವೊಂದನ್ನು ಇಟ್ಟರು. ಕತೆ ಬರೆಯುವ ನಮಗೆ ಈ ಪ್ರಸಂಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು.

ಆಗ್ರಾದಲ್ಲಿ ಗೆದ್ದವರು ಯಾರು? ಕೈರಾನವಿಯವರ ವಿದ್ವತ್ತು ದೊಡ್ಡದು. 1857ರ ನಂತರ ದೇಶ ಬಿಟ್ಟು ಮಕ್ಕಾ ಸೇರಿದ ಅವರು 1864ರಲ್ಲಿ ಹೊರತಂದ ‘ಇಜ್ಹಾರುಲ್ ಹಕ್’ ಇಂದಿಗೂ ಓದಿಸಿಕೊಳ್ಳುತ್ತದೆ. ಆದರೆ ಜಲ್ಸಾಗಳಲ್ಲಿ ಹೇಳದ ಒಂದು ಮಾತಿದೆ. ಆಗ ಮೌಲಾನಾರ ಕಡೆಯ ಗುಂಪಿನಲ್ಲಿದ್ದ ಇಮಾದುದ್ದೀನ್ ಎಂಬ ವಿದ್ವಾಂಸರು 1866ರಲ್ಲಿ ಅಮೃತಸರದಲ್ಲಿ ಕ್ರೈಸ್ತರಾದರು, ಮುಂದೆ ಪಾದ್ರಿಯೂ ಆದರು. ಗೆದ್ದ ವಾದ ಗೆದ್ದವರ ಕಡೆಯವನನ್ನೇ ಹಿಡಿದಿಡಲಿಲ್ಲ. ಗ್ರಂಥಕ್ಕೆ ಗ್ರಂಥ ಎದುರು ನಿಲ್ಲಿಸುವ ಆಟದಲ್ಲಿ ಚಪ್ಪಾಳೆ ಒಂದು ಕಡೆ ಬೀಳುತ್ತದೆ, ಮನುಷ್ಯ ಇನ್ನೊಂದು ಕಡೆ ನಡೆದು ಹೋಗುತ್ತಾನೆ.

ಗ್ರಂಥ ಎಂದೆವು. ಯಾವ ಗ್ರಂಥ? ಹುಬ್ಬಳ್ಳಿಯಲ್ಲಿ ಪಾದ್ರಿಗಳ ಕೈಯಲ್ಲಿದ್ದದ್ದು ಹೀಬ್ರೂ ಅಲ್ಲ, ಗ್ರೀಕ್ ಅಲ್ಲ, ಕನ್ನಡದ್ದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಭಾಷಾಂತರಕ್ಕೆ ಕುಳಿತರು. ವಿಲಿಯಂ ರೀವ್ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅದರ ಕನ್ನಡ ಸಾಲದೆಂದು ಕಂಡ ಬಾಸೆಲ್‌ನವರು, ಮುಖ್ಯವಾಗಿ ಗಾಟ್‌ಫ್ರೀಡ್ ವೈಗ್ಲೆ, ಶತಮಾನದ ನಡುವಿನಲ್ಲಿ ಮತ್ತೆ ಭಾಷಾಂತರಕ್ಕೆ ಕೈ ಹಾಕಿದರು. ಆಮೇಲೂ ತಿದ್ದುಪಡಿಗಳು ನಡೆದೇ ಇವೆ. ತಿದ್ದುವುದು ತಪ್ಪಲ್ಲ, ಪ್ರಾಮಾಣಿಕತೆಯ ಗುರುತು. ಆದರೆ ಈ ಅಕ್ಷರಗಳಲ್ಲೇ ದೇವರ ಅಧಿಕಾರವಿದೆ ಎಂದು ಹೇಳುತ್ತ ಅಕ್ಷರಗಳನ್ನು ಬದಲಿಸುತ್ತ ಹೋಗುವವನು ಎದುರಿನವನ ಹಳೆಯ ಓಲೆಗರಿಯ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಬೇಕಾಗುತ್ತದೆ.

ಪ್ರೊಟೆಸ್ಟಂಟರು ಕನ್ನಡ ಬೈಬಲನ್ನು ‘ಸತ್ಯವೇದ’ ಎಂದು ಕರೆದರು. ಎಷ್ಟು ಲೆಕ್ಕಾಚಾರದ ಹೆಸರು ನೋಡಿ! ವೇದ ಎಂಬ ಮಾತಿಗೆ ಈ ನೆಲದಲ್ಲಿದ್ದ ಎಲ್ಲ ಗೌರವವನ್ನೂ ಕಡ ತಂದು, ಮುಂದೆ ‘ಸತ್ಯ’ ಸೇರಿಸಿ, ಸಾಲ ಕೊಟ್ಟವನ ವೇದ ಸುಳ್ಳು ಎಂದು ಹೇಳದೆಯೇ ಹೇಳಿದಂತಾಯಿತು. ಶರಣರ ನಾಡಿನಲ್ಲಿ ವೇದ ಎಂಬ ಮಾತಿಗೆ ಎಲ್ಲ ಕಡೆಯೂ ಒಂದೇ ಗೌರವವಿರಲಿಲ್ಲ ಎಂಬುದು ಅವರಿಗೆ ಆಗ ಪೂರ್ತಿ ಗೊತ್ತಿತ್ತೋ ಇಲ್ಲವೋ. ಬ್ಯಾಪ್ಟಿಸಮ್ಮಿಗೆ ‘ದೀಕ್ಷಾಸ್ನಾನ’ ಎಂದರು. ದೀಕ್ಷೆ ಎಂದೊಡನೆ ಲಿಂಗಾಯತರ ಕಿವಿಗೆ ಗುರು ಬಂದು ನಿಲ್ಲುತ್ತಾನೆ. ಗ್ರಂಥವೊಂದೇ ಸಾಕು, ನಡುವೆ ಯಾರೂ ಬೇಡ ಎಂದು ಸಾರಲು ಬಂದವರು ತಮ್ಮ ಮೊದಲ ಸಂಸ್ಕಾರಕ್ಕೇ ಗುರುವಿಲ್ಲದೆ ಅರ್ಥವಾಗದ ಹೆಸರಿಟ್ಟರು. ಕನ್ನಡ ಅವರ ತತ್ವಕ್ಕಿಂತ ಜಾಣ ಎನ್ನಬೇಕು.

ಎರಡೂ ಶಾಲೆ ಕಂಡ ನಮಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಉರ್ದು ಕಲಿತ ಹುಡುಗ ಕನ್ನಡದ ಸತ್ಯವೇದ ತೆರೆದರೆ ಮೋಶೆ, ದಾವೀದ, ಯೋಸೇಫ, ಯೋನ ಎಂಬವರು ಸಿಗುತ್ತಾರೆ. ಇವರು ತನ್ನ ಮೂಸಾ, ದಾವೂದ್, ಯೂಸುಫ್, ಯೂನುಸ್ ಎಂದು ಹೊಳೆಯಲು ಅವನಿಗೆ ಹೊತ್ತು ಬೇಕು. ಉರ್ದು ಬೈಬಲಿನಲ್ಲಾದರೆ ಮೂಸಾ ಮೂಸಾನೇ. ಆದರೆ ಅಲ್ಲಿ ಈಸಾ ಮಾತ್ರ ಯಸೂ ಆಗಿಬಿಟ್ಟಿದ್ದಾರೆ! ಇಂಥ ಹೆಸರುಗಳಲ್ಲೇ ಗೋಡೆ ಏಳುತ್ತದೆ, ಕೆಲವೊಮ್ಮೆ ಕಿಂಡಿಯೂ ತೆರೆಯುತ್ತದೆ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಕ್ರೈಸ್ತರಾದ ಗಾಂಬಿಯಾದ ವಿದ್ವಾಂಸ ಲಾಮಿನ್ ಸಾನೆ 1989ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವಾದ ಮುಂದಿಟ್ಟರು: ಇಸ್ಲಾಮ್ ತನ್ನ ಗ್ರಂಥವನ್ನು ಅರಬಿಯಲ್ಲೇ ಉಳಿಸಿಕೊಂಡಿತು, ಕ್ರೈಸ್ತಧರ್ಮ ಪ್ರತಿ ಭಾಷೆಯಲ್ಲೂ ಮತ್ತೆ ಹುಟ್ಟಿತು, ಹಾಗೆ ಹುಟ್ಟುವಾಗ ಗ್ರಂಥದ ಮೇಲಿನ ಹಿಡಿತ ಮಿಶನರಿಯ ಕೈಜಾರಿ ಸ್ಥಳೀಯರ ಕೈಸೇರಿತು. ಈ ಮಾತಿನಲ್ಲಿ ನಮಗೆ ಸತ್ಯಾಂಶ ಕಾಣುತ್ತದೆ. ಇಜೇರಿಯ ಮಸೀದಿಯಲ್ಲಿ ನಮಾಜು ಅರಬಿಯಲ್ಲೇ. ಕನ್ನಡದ ಕುರ್‌ಆನನ್ನು ನಾವು ಅನುವಾದ ಎನ್ನುತ್ತೇವೆಯೇ ಹೊರತು ಕುರ್‌ಆನ್ ಎನ್ನುವುದಿಲ್ಲ. ಅದರಿಂದ ಪಾಠ ಕಾಯ್ದುಕೊಂಡೆವು. ಅದರಿಂದಲೇ ಅರ್ಥದ ಕೀಲಿಕೈ ಕೆಲವರ ಸೊಂಟದಲ್ಲೇ ಉಳಿಯಿತು ಎಂಬುದನ್ನೂ ಹೇಳಬೇಕು.

ಆದರೆ ಕೈಗೆ ಬಂದ ಗ್ರಂಥ ನಿಜಕ್ಕೂ ಕೈಗೆ ಬಂತೆ? ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೈಬಲಿನ ಅಧಿಕಾರ ಎಂದರೆ ಬಹಳ ಸಲ ಬಾಸೆಲ್ ನಗರದ ಕಮಿಟಿಯ ಅಧಿಕಾರ. 1850ರಲ್ಲಿ ಇನ್‌ಸ್ಪೆಕ್ಟರ್ ಆದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಇಲ್ಲಿಗೆ ಬಂದು ನೋಡಿ ಹೋದ ಮೇಲೆ ಎಲ್ಲಕ್ಕೂ ನಿಯಮ ಬಂತು. ಪಾದ್ರಿ ಯಾವಾಗ ಮದುವೆಯಾಗಬೇಕು ಎಂಬುದಕ್ಕೂ ಕಮಿಟಿಯ ಒಪ್ಪಿಗೆ ಬೇಕಿತ್ತು. ಹಾಗಿರುವಾಗ ಹೊಸದಾಗಿ ಸೇರಿದ ಕನ್ನಡಿಗನ ಪಾಡೇನು? ಜಾತಿ ಕಳೆದುಕೊಂಡು ಬಂದವನಿಗೆ ಅನ್ನಕ್ಕೆ ದಾರಿಯಾಗಿ ನೇಯ್ಗೆಯ ಕಾರ್ಖಾನೆ, ಹೆಂಚಿನ ಕಾರ್ಖಾನೆ ಬಂದವು. ಅದು ಕರುಣೆಯೂ ಹೌದು, ಹಿಡಿತವೂ ಹೌದು. ಒಡೆಯನೂ ಸಭಾಪಾಲಕನೂ ಒಂದೇ ಸಂಸ್ಥೆಯವರಾದಾಗ, ಗ್ರಂಥದಲ್ಲಿ ಹೀಗೆ ಬರೆದಿದೆ ಎಂಬ ಮಾತಿಗೆ ಎದುರಾಡುವವರು ಯಾರು?

ಇದನ್ನು ಕಂಡ ಕ್ರೈಸ್ತರೂ ಇದ್ದರು. ರೋಲಂಡ್ ಆಲನ್ ಎಂಬ ಆಂಗ್ಲಿಕನ್ ಪಾದ್ರಿ 1912ರಲ್ಲೇ ಪುಸ್ತಕ ಬರೆದು ತಮ್ಮವರನ್ನು ತರಾಟೆಗೆ ತೆಗೆದುಕೊಂಡರು. ಸಂತ ಪೌಲ ಒಂದು ಊರಿನಲ್ಲಿ ಸಭೆ ಸ್ಥಾಪಿಸಿ ಬೇಗನೆ ಹೊರಟುಬಿಡುತ್ತಿದ್ದ, ನೀವು ತಲೆಮಾರುಗಟ್ಟಲೆ ಕುಳಿತಿದ್ದೀರಿ. ಗ್ರಂಥದ ಮೇಲೆ ಭರವಸೆಯಿದ್ದರೆ ಅದನ್ನು ಕೊಟ್ಟು ಎದ್ದು ಹೋಗಿ ಎಂಬುದು ಅವರ ವಾದ. ಅದೇ 1912ರಲ್ಲಿ ವಿ. ಎಸ್. ಅಜರಯ್ಯ ಡೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಚರ್ಚಿನ ಮೊದಲ ಭಾರತೀಯ ಬಿಷಪ್. ಡೋರ್ನಕಲ್ ಆಗ ನಿಜಾಮರ ರಾಜ್ಯದಲ್ಲಿತ್ತು, ನಮ್ಮ ಕಲಬುರಗಿಯ ಹಾಗೆಯೇ. ಅದಕ್ಕೆ ಎರಡು ವರ್ಷ ಮೊದಲು ಎಡಿನ್‌ಬರೋದಲ್ಲಿ ನಡೆದ ಮಿಶನ್ ಸಮ್ಮೇಳನದಲ್ಲಿ ಅಜರಯ್ಯ, ಮಿಶನರಿಗಳ ತ್ಯಾಗವನ್ನೆಲ್ಲ ಒಪ್ಪಿಕೊಂಡು, ನಮಗೆ ನಿಮ್ಮ ಗೆಳೆತನವನ್ನೂ ಕೊಡಿ ಎಂದು ಕೇಳಿದ್ದರು. ಪಾಪ, ಬೈಬಲ್ ಕೊಟ್ಟವರು ಪಕ್ಕದ ಕುರ್ಚಿ ಕೊಟ್ಟಿರಲಿಲ್ಲ.

ಬಾರದವರ ಕತೆ ಇಷ್ಟಾಯಿತು. ಬಂದವರದೂ ಒಂದಿದೆ, ಅದು ನಮ್ಮ ಭಾಗದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೆಥೊಡಿಸ್ಟ್ ಮಿಶನ್ ಕಲಬುರಗಿ, ರಾಯಚೂರು, ಬೀದರ ಕಡೆ ಕೆಲಸ ಮಾಡಿತು. ಬೀದರ ಸೀಮೆಯಲ್ಲಿ ದಲಿತರು, ಹೆಚ್ಚಾಗಿ ಮಾದಿಗರು, ಒಬ್ಬೊಬ್ಬರಾಗಿ ಅಲ್ಲ, ಕೇರಿ ಕೇರಿಯಾಗಿ ಸೇರಿದರು. ದೇಶದ ಬೇರೆಡೆಯೂ ಹೀಗೆಯೇ ನಡೆದಿತ್ತು. ಮೆಥೊಡಿಸ್ಟರದೇ ಆದ ಜೆ. ವಾಸ್ಕಮ್ ಪಿಕೆಟ್ ಇಂಥ ಸಾಮೂಹಿಕ ಸೇರ್ಪಡೆಗಳನ್ನು ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಮಧ್ಯಭಾರತದ ದಮೋಹದಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗಾವ್ರನ್ ಅದರಿಂದಲೇ ಪ್ರೇರಣೆ ಪಡೆದು 1955ರಲ್ಲಿ ಹೊಸ ಸಿದ್ಧಾಂತ ಕಟ್ಟಿದರು. ಜಗತ್ತಿನ ಸಭಾಸ್ಥಾಪನೆಯ ಯೋಜನೆಗಳೆಲ್ಲ ಇಂದಿಗೂ ಆ ಸಿದ್ಧಾಂತದೊಡನೆ ಜಗಳವಾಡುತ್ತವೆ ಅಥವಾ ಅದನ್ನೇ ಹಿಂಬಾಲಿಸುತ್ತವೆ. ವಿದ್ವಾಂಸರ ಮಾತು ಹಾಗಿರಲಿ. ಬೀದರ ಸೀಮೆಯ ಆ ಕೇರಿಯವರು ಗ್ರೀಕ್ ಪಾಠಭೇದ ಕೇಳಿ ಸೇರಿದವರಲ್ಲ. ಅಕ್ಷರವೇ ಬಾರದವರಿಗೆ ಗ್ರಂಥದ ಅಧಿಕಾರ ಎಂದರೆ ಏನಾಗಿತ್ತು?

ನಮಗೆ ತೋಚುವುದು ಹೀಗೆ. ಯಾವ ಪುಸ್ತಕವನ್ನು ಮುಟ್ಟಿದರೂ ಮೈಲಿಗೆ ಎಂದು ಕೇಳಿಸಿಕೊಂಡು ಬಂದ ಜನಕ್ಕೆ ಒಬ್ಬನು ಬಂದು, ಇದು ದೇವರ ಪುಸ್ತಕ, ಮುಟ್ಟು, ಓದು, ನಿನ್ನ ಮಗಳಿಗೂ ಓದಲು ಕಲಿಸುತ್ತೇವೆ ಎಂದಾಗ, ಅದರೊಳಗೆ ಏನು ಬರೆದಿದೆ ಎಂಬುದಕ್ಕಿಂತ ಮೊದಲು ಅದನ್ನು ಎತ್ತಿಕೊಳ್ಳಬಹುದು ಎಂಬುದೇ ಸುವಾರ್ತೆ. ಕಾಲಜ್ಞಾನಿಗೆ ಆಗಲೇ ಒಂದು ಗ್ರಂಥವಿತ್ತು, ಅವನಿಗೆ ಎರಡನೆಯದು ಮೊದಲನೆಯದನ್ನು ಕಿತ್ತುಕೊಳ್ಳುವಂತೆ ಕಂಡಿತು. ಮಾದಿಗರ ಕೇರಿಯಲ್ಲಿ ಹಾಡಿತ್ತು, ಕುಣಿತವಿತ್ತು, ದೇವತೆಯಿದ್ದಳು. ಪುಸ್ತಕವನ್ನು ಮಾತ್ರ ಊರು ಅವರಿಂದ ದೂರ ಇಟ್ಟಿತ್ತು. ಮಿಶನರಿಯ ಬೈಬಲ್ ಗೆದ್ದದ್ದು ಅದರ ಅಧಿಕಾರದಿಂದಲ್ಲ, ಊರಿನವರ ಅಧಿಕಾರ ಮುರಿದದ್ದರಿಂದ. ಇದನ್ನು ಆಮಿಷ ಎನ್ನುವವರು ಮೊದಲು ತಮ್ಮ ಊರಿನ ಬಾವಿಯ ಹಗ್ಗ ಯಾರ ಕೈಯಲ್ಲಿತ್ತೆಂದು ನೆನಪು ಮಾಡಿಕೊಳ್ಳಲಿ.

ಅದಕ್ಕೆ ಬೆಲೆಯನ್ನೂ ಅವರೇ ತೆತ್ತರು. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರೂ ದಲಿತ ಮುಸಲ್ಮಾನರೂ ಹೊರಗೇ ಉಳಿದರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಕಟ್ಟು ತೆಗೆಯಬೇಕೆಂದು ಹೇಳಿದ ಮೇಲೂ ಕಟ್ಟು ಬಿಚ್ಚಲಿಲ್ಲ. ಹಾಗಾಗಿ ಮನೆಯಲ್ಲಿ ಸತ್ಯವೇದ, ದಾಖಲೆಯಲ್ಲಿ ಬೇರೆ ಧರ್ಮ ಎಂದು ಎರಡು ಬದುಕು ಬದುಕುವವರಿದ್ದಾರೆ. ಚರ್ಚಿನ ಪೀಠದಿಂದ ಅವರಿಗೆ ಪ್ರಾಮಾಣಿಕತೆಯ ಪಾಠ ಹೇಳುವುದು ಸುಲಭ.

ಈಚಿನ ವರ್ಷಗಳಲ್ಲಿ ದೊಡ್ಡ ಮಿಶನ್‌ಗಳ ಕಾಲ ಮುಗಿದು ಮನೆಯ ಪ್ರಾರ್ಥನಾಕೂಟಗಳ ಕಾಲ ಬಂದಿದೆ. ಕಮಿಟಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಒಬ್ಬ ಪಾಸ್ಟರ್, ಒಂದು ಸತ್ಯವೇದ, ಒಂದು ಧ್ವನಿವರ್ಧಕ. ಆಲನ್ ಬಯಸಿದ್ದು ಇದನ್ನೇ ಇರಬಹುದು, ಆದರೆ ಇಲ್ಲಿಯೂ ಗ್ರಂಥದ ಬಿಡಿ ಸಾಲೊಂದನ್ನು ಎತ್ತಿ ಬಡಿಗೆಯಂತೆ ಬೀಸುವವರಿದ್ದಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ ದಾಳಿ ನಡೆದಾಗ, ಹಿಂದೂ ದೇವತೆಗಳನ್ನು ಹೀಗಳೆಯುವ ‘ಸತ್ಯದರ್ಶಿನಿ’ ಎಂಬ ಪುಸ್ತಿಕೆಯ ಹೆಸರು ಕಾರಣವಾಗಿ ಕೇಳಿಬಂತು. ಅಂಥ ಪುಸ್ತಿಕೆ ಬರೆಯುವುದು ಕೆಟ್ಟ ಕೆಲಸ. ಅದನ್ನು ನೆಪ ಮಾಡಿ, ಅದನ್ನು ಕಣ್ಣಿಂದಲೂ ಕಾಣದ ಸಂನ್ಯಾಸಿನಿಯರ ಪ್ರಾರ್ಥನಾಮಂದಿರ ಒಡೆಯುವುದು ಅಪರಾಧ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಲೇಖನಗಳನ್ನು ನಾವು ಆಗ ಬಹಳ ಓದಿದೆವು. 2022ರಲ್ಲಿ ರಾಜ್ಯ ಮತಾಂತರ ತಡೆಯುವ ಕಾಯ್ದೆ ತಂದಿತು. 2023ರ ಜೂನಿನಲ್ಲಿ ಹೊಸ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಒಬ್ಬ ಮನುಷ್ಯನಿಗೆ ಒಂದು ಪುಸ್ತಕದ ಮಾತು ಏಕೆ ನಿಜವೆನಿಸಿತು ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ ಬರೆಯುವುದನ್ನು ನಾವು ಕಲ್ಪಿಸಿಕೊಳ್ಳಲಾರೆವು.

ಮೋಗ್ಲಿಂಗ್ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಕಾಲಜ್ಞಾನಿಗಳು ಕೈಕೊಟ್ಟ ಮೇಲೆ ಅವರು ಕನ್ನಡದ ಗ್ರಂಥಗಳತ್ತ ತಿರುಗಿದರು. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಎಂಬವರ ಹಣದ ಸಹಾಯದಿಂದ 1848ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಮೊದಲಾದವನ್ನು ಅಚ್ಚು ಹಾಕಿಸಿದರು. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಯೇಸುವಿನ ಕತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1894ರಲ್ಲಿ ನಿಘಂಟು ಕೊಟ್ಟರು. ತಮ್ಮ ಗ್ರಂಥವನ್ನು ನಂಬಿಸಲು ಬಂದು, ಎದುರಿನವರ ಗ್ರಂಥಗಳನ್ನು ಓದುತ್ತ ಓದುತ್ತ ಅವುಗಳ ಕಾವಲುಗಾರರಾದ ಇಂಥವರ ಬಗ್ಗೆ ಅವರ ಮಿಶನ್ನಿನೊಳಗೆ ಗೊಣಗಾಟವಿತ್ತು. ಆ ಮಾಲೆಯಲ್ಲಿ ಚೆನ್ನಬಸವಪುರಾಣವೂ ಒಂದು. ಅದರ ಕೊನೆಯ ಭಾಗದಲ್ಲಿ ಮುಂದೆ ಬರಲಿರುವ ವಸಂತರಾಯನ ಭವಿಷ್ಯ ಬರುತ್ತದೆ, ಅಂದರೆ ಕಾಲಜ್ಞಾನ. ಮಲಸಮುದ್ರದ ಊರು ಕಟ್ಟಲು ಹೊರಟು ಹತ್ತು ವರ್ಷ ಕಳೆಯುವ ಹೊತ್ತಿಗೆ ಅದು ಮಂಗಳೂರಿನ ಮಿಶನ್ ಕಲ್ಲಚ್ಚಿನಲ್ಲಿ ಅಚ್ಚಾಗಿತ್ತು. ಮುಂದೆ ಅದನ್ನು ಸಂಗ್ರಹವಾಗಿ ಇಂಗ್ಲಿಷಿಗೆ ತಂದ ವುರ್ತ್ ಕೂಡ ಬಾಸೆಲ್ ಮಿಶನ್ನಿನ ಪಾದ್ರಿಯೇ.